ಪತ್ತನಾಜೆಯಿಂದ ಸೋಣದವರೆಗೆ: ಕಾಸರಗೋಡಿನ ಮಳೆಯಲ್ಲಿ ಹಟ್ಟಿ ನೋಡಿಕೊಳ್ಳುವ ಬಗೆ

ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹಟ್ಟಿಗೆ ಹೋಗಿ. ಮಾತಾಡಬೇಡಿ, ದೊಡ್ಡ ಲೈಟ್ ಹಾಕಬೇಡಿ. ದನ ಮಲಗಿ ಮೆಲುಕು ಹಾಕುತ್ತಿದೆಯಾ, ಅಲ್ಲ ನಿಂತೇ ಇದೆಯಾ ಅಂತ ಮಾತ್ರ ನೋಡಿ. ಮಳೆಗಾಲದಲ್ಲಿ ನಿಮ್ಮ ಹಟ್ಟಿ ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹಾಲು ಕೊಡುವ ದನಕ್ಕೆ ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಮಲಗಬೇಕು. ನೆಲ ಒದ್ದೆ ಇದ್ದರೆ ಅದು ಮಲಗುವುದಿಲ್ಲ. ನಿಂತು ನಿಂತು ಕಾಲು ಸೋಲುತ್ತದೆ, ಮೆಲುಕು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಕೊನೆಗೆ ತಡೆಯಲಾಗದೆ ಆ ಒದ್ದೆಯಲ್ಲೇ ಬೀಳುತ್ತದೆ. ನಮ್ಮ ಗೌರಿಗೆ ಒಂದು ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಹೀಗೇ ಆಯಿತು. ಮೂರು ರಾತ್ರಿ ನಿಂತೇ ಇದ್ದಳು. ಹೊಸ ರಬ್ಬರ್ ಮ್ಯಾಟ್ ಹಾಕಿದ್ದೇವೆ, ಇನ್ನೇನು ಬೇಕು ಎಂದು ನಾನು ಸುಮ್ಮನಿದ್ದೆ. ಮ್ಯಾಟಿನ ಅಡಿಯಲ್ಲಿ ನೀರು, ಗಂಜಲ ನಿಂತು ನಾರುತ್ತಿತ್ತು. ನಾಲ್ಕನೇ ದಿನ ಮಲಗಿದಳು. ವಾರದೊಳಗೆ ಕೆಚ್ಚಲು ಬಾವು. ಮದ್ದು ಮಾಡಿದೆವು, ಆದರೂ ಹಿಂದಿನ ಎಡ ಮೊಲೆ ಮತ್ತೆ ಹಾಲಿಗೆ ಬರಲೇ ಇಲ್ಲ.

ನಮ್ಮದು ಬದಿಯಡ್ಕದ ಕಡೆಯ ಮನೆ. ಎರಡು ಜೆರ್ಸಿ ಮಿಶ್ರತಳಿ ದನ, ಒಂದು ಕಾಸರಗೋಡು ಗಿಡ್ಡ (ಇಲ್ಲಿಯ ಕುಳ್ಳ ನಾಟಿ ತಳಿ), ಐದು ಆಡು, ಅಂಗಳದಲ್ಲಿ ಒಂದಿಷ್ಟು ಕೋಳಿ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲುಸೀಮೆಯವರು ಬರೆದ ದನ ಸಾಕಣೆಯ ಪುಸ್ತಕ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ನಾವು ಮಾಡುವ ಕೆಲಸಗಳನ್ನು ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಗಡುವು: ಮೇ 10

ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತು ನಮ್ಮಲ್ಲಿದೆ. ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದನ್ನು ನಂಬಿ ಕೂತರೆ ಕೆಟ್ಟೆವು. 2025ರಲ್ಲಿ ಮುಂಗಾರು ಮೇ 24ಕ್ಕೇ ಬಂತು, ಹಿರಿಯರ ಲೆಕ್ಕಕ್ಕೆ ಸರಿಯಾಗಿ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ತಿಂಗಳ ಮಧ್ಯದಲ್ಲೇ ಕರಾವಳಿಯನ್ನು ತೋಯಿಸಿತು. ಆವತ್ತು ನಮ್ಮ ಬೈಹುಲ್ಲು ಇನ್ನೂ ಅಂಗಳದಲ್ಲೇ ಇತ್ತು. ಅಂದಿನಿಂದ ಮೇ 10ಕ್ಕೆ ಮಳೆಗಾಲದ ತಯಾರಿ ಮುಗಿಯಬೇಕು ಎಂದು ಮನೆಯಲ್ಲಿ ಕಟ್ಟುನಿಟ್ಟು.

ಚುಚ್ಚುಮದ್ದು ಅದಕ್ಕೂ ಮೊದಲೇ ಆಗಬೇಕು. ಗಳಲೆ ರೋಗ ಮತ್ತು ಚಪ್ಪೆ ರೋಗ ಮಳೆಯ ಜೊತೆಗೇ ಬರುವಂಥವು. ಲಸಿಕೆ ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಹುಟ್ಟಲು ಎರಡು ಮೂರು ವಾರ ಬೇಕು. ಆದ್ದರಿಂದ ಏಪ್ರಿಲ್ ಕೊನೆಗೇ ಮೃಗಾಸ್ಪತ್ರೆಯಲ್ಲಿ ಕೇಳಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ಆಡುಗಳಿಗೆ ಪಿಪಿಆರ್ (ಆಡಿನ ಪ್ಲೇಗ್) ಮತ್ತು ಕರುಳು ಬೇನೆಯ ಲಸಿಕೆ ಆಗಿದೆಯಾ ನೋಡಿ. ಜಂತಿನ ಮದ್ದು ಮಳೆಗೆ ಮೊದಲೊಮ್ಮೆ, ಮಳೆ ಇಳಿದ ಮೇಲೊಮ್ಮೆ. ಅದನ್ನು ತೂಕ ಅಂದಾಜು ಮಾಡಿಸಿಯೇ ಕೊಡಿ. ಗಬ್ಬದ ದನ ಇದ್ದರೆ ಮೊದಲೇ ಹೇಳಿ, ಎಲ್ಲ ಮದ್ದೂ ಅದಕ್ಕೆ ಆಗುವುದಿಲ್ಲ. ಗೊರಸು ಬೆಳೆದಿದ್ದರೆ ಈಗಲೇ ಕತ್ತರಿಸಿ. ಮಳೆಯಲ್ಲಿ ಗೊರಸು ಮೆತ್ತಗಾಗುತ್ತದೆ, ಬಿರುಕಿಗೆ ಕೆಸರು ಸೇರುತ್ತದೆ.

2. ನೀರು ಹೊರಗೆ ಹೋಗಲಿ

ಒಂದು ಲೆಕ್ಕ ಹಾಕೋಣ. ಮಳೆಯ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿಲ್ಲಿಮೀಟರಿಗಿಂತ ಜಾಸ್ತಿ ಬೀಳಬಹುದು ಎಂದರ್ಥ. ನಿಮ್ಮ ಹಟ್ಟಿಯ ಮಾಡು 600 ಚದರಡಿ ಇದ್ದರೆ, ಆ ಒಂದು ದಿನ ಮಾಡಿನಿಂದಲೇ ಸುಮಾರು 11,000 ಲೀಟರ್ ನೀರು ಇಳಿಯುತ್ತದೆ. ಒಂದು ದೊಡ್ಡ ಟ್ಯಾಂಕರ್! ಅದು ಹಟ್ಟಿಯ ಗೋಡೆಯ ಬುಡದಲ್ಲೇ ಬೀಳುವುದಾದರೆ ಒಳಗಿನ ನೆಲ ಒಣಗುವುದು ಹೇಗೆ?

ಹಾಗಾಗಿ ಮೊದಲು ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಹಾಕಿ. ಅಡಿಕೆ ಮರ ಸೀಳಿ ಮಾಡಿದ್ದಾದರೂ ಸೈ, ಪೈಪ್ ಸೀಳಿದ್ದಾದರೂ ಸೈ. ಆ ನೀರನ್ನು ಹಟ್ಟಿಯಿಂದ ದೂರ ತೋಡಿಗೆ ಬಿಡಿ. ಗುಡ್ಡೆಯ ಬದಿಯಿಂದ ಬರುವ ನೀರಿಗೆ ಹಟ್ಟಿಯ ಹಿಂದೆ ಒಂದು ಕಣಿ (ಚರಂಡಿ) ಬೇಕು. ಆ ಕಣಿಯಲ್ಲಿ ತರಗೆಲೆ ತುಂಬಿದರೆ ಅದು ಇದ್ದೂ ಇಲ್ಲದ ಹಾಗೆ. ವಾರಕ್ಕೊಮ್ಮೆ ಕೈ ಹಾಕಲೇಬೇಕು.

ಹಟ್ಟಿಯ ಹಿಂದೆ ಬರೆ (ಗುಡ್ಡೆಯ ಕಡಿದಾದ ಮಣ್ಣಿನ ಗೋಡೆ) ಇದ್ದರೆ ಅದನ್ನು ಒಮ್ಮೆ ಸರಿಯಾಗಿ ನೋಡಿ. ನಮ್ಮ ಕಡೆ ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಮೆತ್ತನೆಯ ಜೇಡಿ. ಜೇಡಿ ನೀರು ಕುಡಿದರೆ ಮೇಲಿನದು ಒಟ್ಟಿಗೇ ಜರಿಯುತ್ತದೆ. ಮೇಲೆ ಬಿರುಕು ಕಂಡರೆ, ಬುಡದಲ್ಲಿ ಕೆಸರು ನೀರು ಹೊಸದಾಗಿ ಒಸರಿದರೆ, ದನಗಳನ್ನು ಆ ಬದಿಯಿಂದ ಅಂದೇ ಬದಲಿಸಿ. ಮಾಡಿನ ಮೇಲೆ ಬಾಗಿದ ತೆಂಗು, ಒಣಗಿದ ಕೊಂಬೆ ಇವನ್ನೂ ಬೇಸಿಗೆಯಲ್ಲೇ ತೆಗೆಸಿ.

ಒಳಗಿನ ನೆಲಕ್ಕೆ ಗಂಜಲದ ಚರಂಡಿಯ ಕಡೆಗೆ ಐದಡಿಗೆ ಒಂದರಿಂದ ಒಂದೂವರೆ ಇಂಚು ಇಳಿಜಾರು ಸಾಕು. ಜಾಸ್ತಿ ಮಾಡಿದರೆ ದನ ಜಾರುತ್ತದೆ. ಸಿಮೆಂಟ್ ನೆಲ ನುಣ್ಣಗಿದ್ದರೆ ಗೀರು ಹಾಕಿಸಿ. ಮ್ಯಾಟ್ ಇದ್ದವರು ವಾರಕ್ಕೆರಡು ಸಲ ಎತ್ತಿ, ಅಡಿ ತೊಳೆದು, ಗೋಡೆಗೆ ಒರಗಿಸಿ ನೀರಿಳಿಸಿಯೇ ಮತ್ತೆ ಹಾಕಿ. ನಾನು ಕಲಿತದ್ದು ಗೌರಿಯ ಖರ್ಚಿನಲ್ಲಿ.

ಮತ್ತೊಂದು, ಗಾಳಿ. ಎರಚಲು ಬರುತ್ತದೆ ಎಂದು ನಾಲ್ಕೂ ಬದಿಗೆ ಟಾರ್ಪಾಲು ಬಿಗಿಯುವವರಿದ್ದಾರೆ. ಒಳಗೆ ಗಂಜಲದ ಘಾಟು ನಿಂತು ಕರುಗಳಿಗೆ ಕೆಮ್ಮು ಶುರುವಾಗುತ್ತದೆ. ಎರಚಲು ಹೆಚ್ಚಾಗಿ ಪಡುವಣದಿಂದ ಬರುತ್ತದೆ. ಆ ಬದಿ ಮುಚ್ಚಿ. ಉಳಿದ ಕಡೆ ಮಾಡಿನ ಕೆಳಗೆ ಒಂದೂವರೆ ಅಡಿಯಾದರೂ ತೆರೆದಿಡಿ. ನಮ್ಮ ದನಗಳಿಗೆ ಚಳಿಗಿಂತ ಉಸಿರುಕಟ್ಟುವುದೇ ದೊಡ್ಡ ತೊಂದರೆ.

3. ಸೊಪ್ಪು, ತರಗೆಲೆ

ಅಜ್ಜನ ಕಾಲದ ಸೊಪ್ಪಿನ ಹಟ್ಟಿಯನ್ನು ನಾವು ಹಳೆಯದು ಎಂದು ಬಿಟ್ಟೆವು. ಮಳೆಗಾಲದ ಮಟ್ಟಿಗೆ ಅದೇ ಸರಿ ಎಂದು ಈಗ ನನಗೆ ಅನ್ನಿಸುತ್ತಿದೆ. ಫೆಬ್ರವರಿ, ಮಾರ್ಚಿನಲ್ಲಿ ಗುಡ್ಡೆಯಿಂದ, ಗೇರುತೋಪಿನಿಂದ ಗುಡಿಸಿ ತಂದ ತರಗೆಲೆಯನ್ನು ಒಣ ಕೋಣೆಯಲ್ಲಿ ತುಂಬಿಡಿ. ಎಷ್ಟು ತಂದರೂ ಸಾಕಾಗುವುದಿಲ್ಲ.

ಬೆಳಿಗ್ಗೆ ಸೆಗಣಿ, ಒದ್ದೆಯಾದ ಎಲೆ ಎಳೆಯಿರಿ. ಸಂಜೆ ಹಾಲು ಕರೆಯುವ ಮೊದಲು ಅಲ್ಲ, ಕರೆದ ನಂತರ ಹೊಸ ಎಲೆ ಹಾಸಿ. ಮೊದಲೇ ಹಾಸಿದರೆ ಧೂಳು ಹಾಲಿಗೆ ಬೀಳುತ್ತದೆ. ಅಂಗೈ ಒತ್ತಿ ನೋಡಿ, ಕೈಗೆ ನೀರು ತಾಗಿದರೆ ಇನ್ನೊಂದು ಬುಟ್ಟಿ ಬೇಕು. ಹಸಿ ಸೊಪ್ಪು ಮಾತ್ರ ಹಾಸಿದರೆ ಪ್ರಯೋಜನ ಕಡಿಮೆ, ಅದರಲ್ಲೇ ನೀರಿದೆ. ತರಗೆಲೆ ಮೇಲಿರಲಿ.

ಸೆಪ್ಟೆಂಬರ್ ಹೊತ್ತಿಗೆ ಇದೇ ಗೊಬ್ಬರವಾಗುತ್ತದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, 12 ಕಿಲೋ ಸೊಪ್ಪು ಎಂಬುದು ಕೃಷಿ ಸಂಶೋಧಕರ ಲೆಕ್ಕ. ಹಾಲಿನ ಲೆಕ್ಕ ಮಾತ್ರ ನೋಡುವವರು ಮಳೆಗಾಲದಲ್ಲಿ ದನ ನಷ್ಟ ಎನ್ನುತ್ತಾರೆ. ತೋಟ ಇರುವವರು ಹಾಗೆ ಹೇಳಬಾರದು. ಗುಂಡಿಗೆ ಮಾಡು ಹಾಕಿ. ಮಳೆಗೆ ತೆರೆದಿಟ್ಟ ಗುಂಡಿಯ ಸಾರವೆಲ್ಲ ಕರಿನೀರಾಗಿ ತೋಡಿಗೆ ಹೋಗುತ್ತದೆ, ಕೆಲವೊಮ್ಮೆ ಬಾವಿಗೂ.

4. ಮೇವು

ಜೂನ್ ಬಂತೆಂದರೆ ಎಲ್ಲೆಲ್ಲೂ ಹಸಿರು. ಹುಲ್ಲಿಗೇನು ಬರ ಅಂತ ಕಾಣುತ್ತದೆ. ಆದರೆ ಎಳೆ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ನೀರು. ದನದ ಹೊಟ್ಟೆ ತುಂಬುತ್ತದೆ, ಮೈಗೆ ಸಿಗುವುದು ಕಡಿಮೆ. ಸೆಗಣಿ ತೆಳುವಾಗುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ. ಸೊಸೈಟಿಯಲ್ಲಿ ದರ ಕೊಬ್ಬಿನ ಮೇಲೆ ತಾನೇ?

ಮಾಡಬೇಕಾದ್ದು ಇಷ್ಟೆ. ಬೆಳಿಗ್ಗೆ ಕೊಯ್ದ ಹುಲ್ಲನ್ನು ಮಾಡಿನಡಿ ಹರಡಿ ನಾಲ್ಕೈದು ಗಂಟೆ ಬಾಡಿಸಿ, ಸಂಜೆ ಹಾಕಿ. ಹುಲ್ಲಿಗೆ ಮೊದಲು ಎರಡು ಹಿಡಿ ಬೈಹುಲ್ಲು ತಿನ್ನಿಸಿ. 400 ಕಿಲೋ ತೂಗುವ ಮಿಶ್ರತಳಿ ದನಕ್ಕೆ ದಿನಕ್ಕೆ ನೀರಿನಂಶ ಬಿಟ್ಟು 10ರಿಂದ 12 ಕಿಲೋ ಒಣ ಆಹಾರ ಒಳಗೆ ಹೋಗಬೇಕು. ಬರೀ ಎಳೆ ಹುಲ್ಲಿನಲ್ಲೇ ಅದನ್ನು ತುಂಬಿಸಲು ಹೋದರೆ 50 ಕಿಲೋದ ಮೇಲೆ ತಿನ್ನಬೇಕು. ಪಾಪ, ಎಷ್ಟಂತ ತಿಂದೀತು? ಪಶು ಆಹಾರ ಸುಮಾರು ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಮೈ ಪೋಷಣೆಗೆ ಬೇರೆ ಒಂದೂವರೆ ಕಿಲೋ.

ಗಿಡ್ಡ ದನದ ಲೆಕ್ಕ ಬೇರೆ. ನಮ್ಮ ಪುಟ್ಟಿ ಎರಡು ಲೀಟರಿಗಿಂತ ಜಾಸ್ತಿ ಕರೆದದ್ದು ಅಪರೂಪ. ಆದರೆ ಮಳೆಯಲ್ಲಿ ಗುಡ್ಡೆ ಹತ್ತಿ ಮೇಯ್ದು ಬರುತ್ತಾಳೆ. ಗೊರಸು ಗಟ್ಟಿ, ಸೀಕು ಕಡಿಮೆ. ಈ ತಳಿಯನ್ನು ಉಳಿಸಲು ಬದಿಯಡ್ಕ ಹತ್ತಿರದ ಬೇಳದಲ್ಲಿ ಸರಕಾರದ ಫಾರ್ಮ್ ಇದೆ. ಮೊದಲ ಸಲ ದನ ಕಟ್ಟುವವರಿಗೆ ನಾನು ಹೇಳುವುದು ಒಂದೇ: ಮಳೆಗಾಲ ಒಂದನ್ನು ಗಿಡ್ಡದ ಜೊತೆ ಕಳೆಯಿರಿ, ಆಮೇಲೆ ಜೆರ್ಸಿಯ ಯೋಚನೆ ಮಾಡಿ.

ಬೈಹುಲ್ಲು, ಹಿಂಡಿ ಗೋಡೆಗೂ ನೆಲಕ್ಕೂ ತಾಗಬಾರದು. ಸೀಳಿದ ಅಡಿಕೆ ಮರದ ಅಟ್ಟಣಿಗೆ ಒಂದಡಿ ಎತ್ತರದಲ್ಲಿರಲಿ. ಚೀಲ ಒಡೆದ ಹಿಂಡಿಯನ್ನು ಮುಚ್ಚಳದ ಡ್ರಮ್ಮಿಗೆ ಸುರಿಯಿರಿ. ಒಂದು ಸಲ ಅಂಗಡಿಯಿಂದ ತಂದ ಚೀಲದ ಅಡಿಭಾಗ ಮುದ್ದೆಯಾಗಿ ಹಸಿರು ಬೂಸಲು ಹಿಡಿದಿತ್ತು. ‘ಮೇಲಿನದು ಕೊಡಿ, ಏನಾಗುವುದಿಲ್ಲ’ ಎಂದರು ಮಾರಿದವರು. ಕೊಡಬೇಡಿ. ಬೂಸಲಿನ ವಿಷ ಕಣ್ಣಿಗೆ ಕಾಣುವ ಜಾಗದಲ್ಲಿ ಮಾತ್ರ ಇರುವುದಿಲ್ಲ, ಯಕೃತ್ತಿಗೆ ಹೋಗುತ್ತದೆ, ಹಾಲಿಗೂ ಬರುತ್ತದೆ.

ಬೇಸಿಗೆಯಲ್ಲಿ ಬಿದ್ದ ಅಡಿಕೆ ಹಾಳೆ ಒಳ್ಳೆಯ ಒಣ ಮೇವು. ಒಣಗಿದ್ದಾಗಲೇ ಸಂಗ್ರಹಿಸಿ, ಸಣ್ಣಗೆ ಕತ್ತರಿಸಿ ಕೊಡಿ. ಮಳೆಯಲ್ಲಿ ಬಿದ್ದು ಕಪ್ಪಾದ ಹಾಳೆ ಬೇಡ.

ಇನ್ನು ವಿಷದ ಮಾತು. ನಮ್ಮೂರಿನಲ್ಲಿ ಮಳೆಗಾಲದಲ್ಲಿ ದನ ಸಾಯುವುದಕ್ಕೆ ಇವೂ ಕಾರಣ:

ರಬ್ಬರ್ ಎಲೆ. ಗಾಳಿಗೆ ಮರ ಬೀಳುತ್ತದೆ, ಕೊಂಬೆ ದನದ ಬಾಯಿಗೆ ಎಟುಕುತ್ತದೆ. ಅದರಲ್ಲಿ ಸಯನೈಡ್ ಹುಟ್ಟುವ ಅಂಶ ಇದೆ. ಮರಗೆಣಸಿನ ಎಲೆ, ಸಿಪ್ಪೆಯಲ್ಲೂ ಅದೇ. ತಿಂದು ಸ್ವಲ್ಪ ಹೊತ್ತಿನಲ್ಲೇ ಏದುಸಿರು, ನಡುಕ, ಬೀಳುವುದು. ಮನೆಮದ್ದಿಗೆ ಸಮಯ ಇಲ್ಲ, ಕೂಡಲೇ ಡಾಕ್ಟರನ್ನು ಕರೆಯಿರಿ. ಇದಕ್ಕೆ ಇಂಜೆಕ್ಷನ್ ಇದೆ.

ಹಲಸು. ಜೂನ್‌ನಲ್ಲಿ ಹಣ್ಣು ಕೊಳೆತು ಬೀಳುವಾಗ ದನಕ್ಕೆ ಹಾಕುವುದು ನಮ್ಮ ದಾರಾಳತನ. ಸಿಹಿ ಜಾಸ್ತಿಯಾದರೆ ಹೊಟ್ಟೆ ಹುಳಿಯಾಗುತ್ತದೆ. ಮೇವು ಬಿಟ್ಟು, ಹುಳಿ ವಾಸನೆಯ ಭೇದಿಯಾಗಿ ದನ ಮಲಗಿಬಿಡುತ್ತದೆ. ನಾಲ್ಕು ಸೊಳೆ, ಒಂದಿಷ್ಟು ರೆಚ್ಚೆ (ಸೊಳೆ ತೆಗೆದು ಉಳಿದ ಭಾಗ) ಸಾಕು. ಮದುವೆ ಮನೆಯ ಉಳಿದ ಅನ್ನದ್ದೂ ಇದೇ ಕಥೆ.

ಬೋರ್ಡೋ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ. ಕೊಳೆರೋಗಕ್ಕೆ ಮದ್ದು ಬಿಟ್ಟ ಅಡಿಕೆ ಮರದ ಬುಡದ ಹುಲ್ಲು ಕೊಯ್ಯಬೇಡಿ. ಮೈಲುತುತ್ತು ಮೇವಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಮದ್ದು ಬಿಡುವ ಹಿಂದಿನ ದಿನವೇ ಹುಲ್ಲು ಕೊಯ್ದಿಟ್ಟುಕೊಳ್ಳುವುದು ನಮ್ಮ ಕ್ರಮ.

ಗದ್ದೆಬದಿಯ ಹುಲ್ಲನ್ನು ನೀರಿನ ಮಟ್ಟದಿಂದ ಮೇಲೆ ಕೊಯ್ಯಿರಿ. ನೀರಿನ ಬಸವನಹುಳದಿಂದ ಬರುವ ಯಕೃತ್ತಿನ ಹುಳದ ಮರಿ ಅಲ್ಲೇ ಹುಲ್ಲಿಗೆ ಅಂಟಿರುತ್ತದೆ. ದವಡೆಯ ಅಡಿಯಲ್ಲಿ ನೀರು ತುಂಬಿದ ಚೀಲದ ಹಾಗೆ ಬಾತರೆ ಅದರ ಗುರುತು ಇರಬಹುದು.

5. ಕೆಚ್ಚಲು

ಮಳೆಗಾಲದಲ್ಲಿ ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲಿ. ಕರೆಯುವ ಮೊದಲು ಮೊಲೆ ಮಾತ್ರ ತೊಳೆಯಿರಿ, ಇಡೀ ಕೆಚ್ಚಲಿಗೆ ನೀರು ಸುರಿಯಬೇಡಿ. ಇಳಿದು ಬರುವ ಕೊಳೆನೀರು ಮೊಲೆಯ ತುದಿಗೇ ಬರುತ್ತದೆ. ಒಣ ಬಟ್ಟೆಯಿಂದ ಒರೆಸಿ. ಒಂದು ದನಕ್ಕೆ ಒಂದು ಬಟ್ಟೆ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ. ಸಣ್ಣ ಗಡ್ಡೆ, ನೀರಾದ ಹಾಲು, ರಕ್ತ ಕಂಡರೆ ಅದು ಬಾವಿನ ಶುರು. ಅಂಥ ದನವನ್ನು ಕೊನೆಗೆ ಕರೆಯಿರಿ.

ಕರೆದಾದ ಮೇಲೆ ಮೊಲೆಯನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಅರ್ಧ ಗಂಟೆ ದನ ಮಲಗಬಾರದು. ಕರೆದ ಕೂಡಲೇ ಮೊಲೆಯ ತೂತು ತೆರೆದೇ ಇರುತ್ತದೆ, ಮುಚ್ಚಲು ಅಷ್ಟು ಹೊತ್ತು ಬೇಕು. ಅದಕ್ಕೆ ನಾವು ಒಳ್ಳೆಯ ಹುಲ್ಲನ್ನು ಕರೆಯುವ ಮೊದಲು ಕೊಡುವುದಿಲ್ಲ, ಕರೆದ ಮೇಲೆ ಕೊಡುತ್ತೇವೆ. ತಿನ್ನುತ್ತಾ ನಿಂತಿರುತ್ತದೆ. ದುಡ್ಡಿಲ್ಲದ ಉಪಾಯ. ಗೌರಿಯ ನಂತರ ನಮ್ಮ ಹಟ್ಟಿಗೆ ಕೆಚ್ಚಲು ಬಾವು ಒಂದೇ ಸಲ ಬಂದದ್ದು.

6. ಗೊರಸು, ಉಣುಗು, ಸೊಳ್ಳೆ

ಮೈಲುತುತ್ತು ಹೇಗೂ ಮನೆಯಲ್ಲಿರುತ್ತದೆ ಅಲ್ವಾ? ಗೊರಸಿನ ಮದ್ದಿಗೆ ಅದನ್ನು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ. ಪ್ಲಾಸ್ಟಿಕ್ ತೊಟ್ಟಿಯೇ ಆಗಬೇಕು, ಕಬ್ಬಿಣದ್ದು ಬೇಡ. ಮೊದಲು ಗೊರಸಿನ ಸೆಗಣಿ, ಕೆಸರು ತೊಳೆಯಿರಿ, ಇಲ್ಲದಿದ್ದರೆ ಮದ್ದು ಕೆಸರಿಗೇ ಮುಗಿಯುತ್ತದೆ. ಐದು ನಿಮಿಷ ಕಾಲು ಅದರಲ್ಲಿರಲಿ, ವಾರಕ್ಕೆರಡು ಸಲ. ದನ ಆ ನೀರಿಗೆ ಬಾಯಿ ಹಾಕದಂತೆ ನೋಡಿ. ಚೆಲ್ಲುವಾಗ ತೋಡಿಗೆ ಬೇಡ.

ಉಣುಗು ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಅಡಗಿರುತ್ತದೆ. ದನಕ್ಕೆ ಜ್ವರ ಬಂದು ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣುಗಿನ ಜ್ವರ ಇರಬಹುದು, ತಡ ಮಾಡಬೇಡಿ. ಸೊಳ್ಳೆಗೆ ಸಂಜೆ ತೆಂಗಿನ ಸಿಪ್ಪೆ, ಲಕ್ಕಿ ಸೊಪ್ಪಿನ ಹೊಗೆ ಒಂದು ಇಪ್ಪತ್ತು ನಿಮಿಷ. ರಾತ್ರಿಯಿಡೀ ಹೊಗೆ ಹಾಕಿದರೆ ಕೆಮ್ಮುವುದು ದನವೇ.

ನಿಮ್ಮ ಕಾಲನ್ನೂ ಮರೆಯಬೇಡಿ. ಗಂಬೂಟು ಹಾಕಿ. ಇಲಿಜ್ವರ ಇಲ್ಲಿ ಪ್ರತಿ ಮಳೆಗಾಲದಲ್ಲೂ ಇದೆ, ಕಾಲಿನ ಗಾಯದಿಂದ ಒಳಗೆ ಬರುತ್ತದೆ. ಹಟ್ಟಿಯಲ್ಲಿ ಕೆಲಸ ಮಾಡುವವರು ಆರೋಗ್ಯ ಕೇಂದ್ರದಲ್ಲಿ ಮುಂಜಾಗ್ರತೆಯ ಮಾತ್ರೆ ಬಗ್ಗೆ ಕೇಳಿ.

7. ಆಡು, ಕೋಳಿ, ಕರು

ಆಡಿಗೆ ನೆಲದಿಂದ ಮೂರು ನಾಲ್ಕು ಅಡಿ ಎತ್ತರದ ಅಟ್ಟಳಿಗೆ. ಅಡಿಕೆ ಮರದ ಪಟ್ಟಿಗಳ ನಡುವೆ ಹಿಕ್ಕೆ ಬೀಳುವಷ್ಟೇ ಸಂದು, ಮರಿಯ ಕಾಲು ಸಿಕ್ಕಬಾರದು. ಮಳೆಯಲ್ಲಿ ಹೊರಗೆ ಬಿಡಬೇಡಿ. ಆಡಿಗೂ ಮಳೆ ಎಂದರೆ ಆಗದು, ಹಲಸಿನ ಸೊಪ್ಪು ಕಟ್ಟಿ ತೂಗಿದರೆ ದಿನವಿಡೀ ಖುಷಿ. ಕೋಳಿಗೂಡಿನಲ್ಲಿ ಉಮಿ ಒದ್ದೆಯಾದರೆ ರಕ್ತ ಭೇದಿ ಬರುತ್ತದೆ, ಮುದ್ದೆ ಕಟ್ಟಿದ್ದನ್ನು ದಿನಾ ತೆಗೆಯಿರಿ.

ಆಟಿಯಲ್ಲಿ ಹುಟ್ಟಿದ ಕರುವಿಗೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ಸೇರಬೇಕು. ಮೊದಲ ದಿನದ ಅಳತೆ ಅದರ ತೂಕದ ಹತ್ತನೇ ಒಂದು ಪಾಲು. ನಮ್ಮ ಮನೆಯಲ್ಲಿ ಗಿಣ್ಣಿಗೆ ಮಕ್ಕಳು ಕಾಯುತ್ತಾರೆ. ಕರುವಿನದು ಮುಗಿಯಲಿ ಎನ್ನುವುದು ಅಮ್ಮನ ಕಾನೂನು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಗೋಣಿಯಿಂದ ಮೈ ಉಜ್ಜಿ ಒಣಗಿಸಿ.

8. ಜೋರು ಗಾಳಿಯ ರಾತ್ರಿ

ಸಂಜೆಯೇ ಹಗ್ಗ ನೋಡಿ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ, ಬಾಗಿಲ ಹತ್ತಿರ ಒಂದು ಹರಿತ ಕತ್ತಿ ಸಿಕ್ಕಿಸಿಡಿ. ಹೊಳೆಬದಿಯವರು ನೀರು ಏರುವಾಗ ದನಗಳನ್ನು ಮೇಲೆ ಒಯ್ಯಲಾಗದಿದ್ದರೆ ಬಿಚ್ಚಿಬಿಡಿ. ದನ ಈಜುತ್ತದೆ. ಕಟ್ಟಿದ ದನ ಮುಳುಗುತ್ತದೆ.

ಹಟ್ಟಿಯ ವಯರಿಂಗ್‌ಗೆ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು. ಮನುಷ್ಯನಿಗೆ ಜುಂ ಎನ್ನುವಷ್ಟು ಕರೆಂಟು ಒದ್ದೆ ನೆಲದಲ್ಲಿ ನಿಂತ ದನವನ್ನು ಕೊಲ್ಲಬಹುದು. ತಂತಿ ಬಿದ್ದಿದ್ದರೆ ದನ ಎಬ್ಬಿಸಲು ಓಡಬೇಡಿ, ಮೊದಲು 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಗುಡುಗು ಮಿಂಚಿನ ಹೊತ್ತಿನಲ್ಲಿ ತೆಂಗಿನ ಬುಡದಲ್ಲಿ ದನ ಕಟ್ಟುವುದು ಬೇಡ. ಮಳೆಗಾಲ ಮುಗಿದು ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಸಿಡಿಲು ಜಾಸ್ತಿ.

ಹೊತ್ತಲ್ಲದ ಹೊತ್ತಿನಲ್ಲಿ ದನದ ಡಾಕ್ಟರು ಬೇಕಾದರೆ 1962ಕ್ಕೆ ಫೋನ್ ಮಾಡಿ. ನಮ್ಮ ಹಿರಿಯರಿಗೆ ಫೋನಿನಲ್ಲಿ ಮಲಯಾಳ ಕಷ್ಟ, ಮನೆಯ ಮಕ್ಕಳಿಂದ ಮಾತಾಡಿಸಿ. ದನ ಸತ್ತರೆ ಹೂಳುವ ಮೊದಲು ಕಿವಿಯ ಹನ್ನೆರಡು ಅಂಕಿಯ ಟ್ಯಾಗ್ ಕಾಣುವಂತೆ ಫೋಟೊ ತೆಗೆಯಿರಿ, ಡಾಕ್ಟರ ಸರ್ಟಿಫಿಕೇಟ್ ಮಾಡಿಸಿ, ವಾರ್ಡ್ ಮೆಂಬರಿಗೆ ತಿಳಿಸಿ. ಹೂಳಿದ ಮೇಲೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ.

9. ಸೋಣದಲ್ಲಿ

ಸೋಣ ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ತುಳು ತಿಂಗಳು. ಬಿಸಿಲು ಕಂಡ ಮೊದಲ ದಿನ ದನಗಳನ್ನು ಅಂಗಳಕ್ಕೆ ಬಿಡಿ. ಹಟ್ಟಿಯ ಮೂಲೆ ಮೂಲೆ ಕೆರೆದು, ಗೋಡೆಗೆ ಸುಣ್ಣ ಬಳಿಯಿರಿ. ಎರಡನೇ ಜಂತಿನ ಮದ್ದು ಈಗ. ಗೊಬ್ಬರದ ಗುಂಡಿಯನ್ನು ಮೇಲಿನಿಂದಲ್ಲ, ಒಂದು ಬದಿಯಿಂದ ತೆಗೆಯುತ್ತಾ ಬನ್ನಿ. ಹಣ್ಣಾದ ಗೊಬ್ಬರ ಕಪ್ಪಗೆ ಹುಡಿಯಾಗಿರುತ್ತದೆ, ಸೆಗಣಿಯ ವಾಸನೆ ಇರುವುದಿಲ್ಲ. ವಾಸನೆ ಇದ್ದರೆ ಇನ್ನೊಂದು ತಿಂಗಳು ಬಿಡಿ. ತೋಟಕ್ಕೆ ಹೊರುವವರು ಸಿಗುವುದು ಈಗ ಕಷ್ಟ, ಆಳು ಹೇಳುವುದಾದರೆ ಓಣಂ ರಜೆಗೆ ಮೊದಲೇ ಹೇಳಿಡಿ.